ಲಾಕೀಶಿನ ದಂತದ ಹಣಿಗೆ

ಪ್ರಾಚೀನ ಲಿಪಿಗಳ ಚರಿತ್ರೆಯನ್ನು ಅರಸರ ಶಾಸನಗಳಿಂದ ಆರಂಭಿಸುವುದು ವಾಡಿಕೆ. ಇಸ್ರೇಲಿನ ಲಾಕೀಶ್ ನಗರದ ಅವಶೇಷಗಳಲ್ಲಿ 2016ರಲ್ಲಿ ದೊರೆತ ಆನೆದಂತದ ಹಣಿಗೆಯೊಂದು ಬೇರೊಂದು ಮೂಲವನ್ನು ತೋರಿಸುತ್ತದೆ. ಅದರ ಉದ್ದ ಸುಮಾರು 3.5 ಸೆಂಟಿಮೀಟರು, ಅಗಲ 2.5. ಒಂದು ಪಾರ್ಶ್ವದಲ್ಲಿ ಸಿಕ್ಕು ಬಿಡಿಸುವುದಕ್ಕೆ 6 ದಪ್ಪ ಹಲ್ಲುಗಳಿದ್ದುವು. ಇನ್ನೊಂದರಲ್ಲಿ ಹೇನುಸೀರುಗಳನ್ನು ತೆಗೆಯುವುದಕ್ಕೆ 14 ಸಣ್ಣ ಹಲ್ಲುಗಳು. ನಮ್ಮ ಸೀರಣಿಗೆಯ ತತ್ತ್ವವೂ ಇದೇ.

ಹಣಿಗೆಯ ಮೇಲೆ ಕೊರೆದ 17 ಕನಾನೀ ಅಕ್ಷರಗಳ ವಾಚನವು 2022ರಲ್ಲಿ ಪ್ರಕಟವಾಯಿತು. ತಲೆಗೂದಲಿನ ಮತ್ತು ಗಡ್ಡದ ಹೇನುಗಳನ್ನು ಈ ದಂತವು ನಿರ್ಮೂಲಗೊಳಿಸಲಿ ಎಂಬುದು ಅದರ ತಾತ್ಪರ್ಯ. ಅಕ್ಷರಗಳ ಸ್ವರೂಪದಿಂದ ಇದರ ಕಾಲವನ್ನು ಕ್ರಿ.ಪೂ. 1700ರ ಸುಮಾರೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಆ ಭಾಷೆಯಲ್ಲಿ ಅಂದಿನವರೆಗೆ ದೊರೆತಿದ್ದ ಪೂರ್ಣವಾಕ್ಯಗಳಲ್ಲಿ ಇದೇ ಪ್ರಾಚೀನತಮವಾದುದು.

ಕನಾನಿನಲ್ಲಿ ಆಗ ಆನೆಗಳಿರಲಿಲ್ಲ. ದಂತವು ಬಹುಶಃ ಈಜಿಪ್ಟಿನಿಂದ ಬಂದುದು. ಆದುದರಿಂದ ಇದು ಸಿರಿವಂತರ ಮನೆಯ ವಸ್ತುವೆಂದು ಊಹಿಸಬಹುದು. ಹೇನಾದರೋ ಬಡವ ಬಲ್ಲಿದರೆಂಬ ಭೇದವನ್ನು ಎಣಿಸಲಿಲ್ಲ. ಹಲ್ಲೊಂದರಲ್ಲಿ ಹೇನುಮರಿಯ ಹೊರಪೊರೆಯ ಅವಶೇಷವನ್ನು ಸೂಕ್ಷ್ಮದರ್ಶಕದಿಂದ ಗುರುತಿಸಲಾಗಿದೆ; ಹಣಿಗೆಯು ಅಲಂಕಾರಕ್ಕಾಗಿ ಮಾತ್ರ ಇರಲಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ವಿಜಯವನ್ನಾಗಲಿ ದಾನವನ್ನಾಗಲಿ ಹೇಳದೆ, ನಿತ್ಯಜೀವನದ ಒಂದು ತೊಂದರೆಯನ್ನು ಹೇಳುವ ಈ ವಾಕ್ಯವು, ಅಕ್ಷರವು ಗೃಹಕೃತ್ಯಕ್ಕೂ ಎಷ್ಟು ಬೇಗ ಒದಗಿತೆಂಬುದನ್ನು ತಿಳಿಸುತ್ತದೆ.