ಬೊಜ್ಜಿನ ಶಸ್ತ್ರಕ್ರಿಯೆ ನಡೆದು ಬಂದ ದಾರಿ

ಅಹಮದಾಬಾದಿಗೆ ಬಂದು ನೆಲಸಿದ ಕನ್ನಡಿಗರಲ್ಲಿ ಸರ್ಖೇಜ್ ರೋಜಾ ನೋಡದವರು ವಿರಳ. ಅಲ್ಲಿ ಸಮಾಧಿಯಾಗಿರುವ ಸುಲ್ತಾನ ಮಹಮೂದ್ ಬೇಗಡಾ 1458ರಿಂದ 1511ರವರೆಗೆ ಗುಜರಾತನ್ನು ಆಳಿದವನು. ವಡೋದರಾ ಬಳಿಯ ಚಾಂಪಾನೇರನ್ನು ಗೆದ್ದ ಈತ ಪರಾಕ್ರಮಕ್ಕೆ ಎಷ್ಟು ಪ್ರಸಿದ್ಧನೋ ಹಸಿವಿಗೂ ಅಷ್ಟೇ ಪ್ರಸಿದ್ಧ. ಅವನಿಗೆ ದಿನಕ್ಕೆ ಒಂದು ಗುಜರಾತಿ ಮಣ ಆಹಾರ ಬೇಕಾಗುತ್ತಿತ್ತೆಂದೂ, ರಾತ್ರಿ ಎಚ್ಚರವಾದರೆ ತಿನ್ನಲೆಂದು ಹಾಸಿಗೆಯ ಎರಡೂ ಬದಿಗೆ ಸಮೋಸದ ತಟ್ಟೆಗಳನ್ನು ಇಡುತ್ತಿದ್ದರೆಂದೂ 'ಮಿರಾತ್-ಇ-ಸಿಕಂದರಿ' ಎಂಬ ಇತಿಹಾಸಗ್ರಂಥ ಹೇಳುತ್ತದೆ. ಅರಸನ ಹಸಿವು ಸೋಜಿಗದ ಕಥೆಯಾಯಿತು. ಸಾಮಾನ್ಯರ ಬೊಜ್ಜು ಮಾತ್ರ ಅಂದಿನಿಂದ ಇಂದಿನವರೆಗೂ ಪರಿಹಾಸ್ಯದ ವಸ್ತು.

ನಮ್ಮ ಪ್ರಾಚೀನ ವೈದ್ಯರು ಈ ವಿಷಯದಲ್ಲಿ ಹೆಚ್ಚು ವಿವೇಕಿಗಳು. ಚರಕಸಂಹಿತೆಯು ಅತಿಸ್ಥೌಲ್ಯಕ್ಕೆ ಅತಿಭೋಜನದ ಜೊತೆಗೆ ಬೀಜಸ್ವಭಾವವನ್ನೂ, ಅಂದರೆ ಹುಟ್ಟಿನಿಂದ ಬಂದ ಗುಣವನ್ನೂ, ಕಾರಣವೆಂದು ಎಣಿಸಿದೆ. ಮೇದಸ್ಸೊಂದೇ ಬೆಳೆದು ಉಳಿದ ಧಾತುಗಳು ಸೊರಗುತ್ತವೆ ಎಂಬುದು ಅದರ ಅಭಿಪ್ರಾಯ.

ಶಸ್ತ್ರಕ್ರಿಯೆಯ ಮೂಲಕ ಬೊಜ್ಜನ್ನು ಇಳಿಸುವ ಯತ್ನ ಆರಂಭವಾದದ್ದು ಅಮೆರಿಕದ ಮಿನೆಸೋಟಾದಲ್ಲಿ. 1954ರಲ್ಲಿ ಕ್ರೆಮೆನ್, ಲಿನರ್ ಮತ್ತು ಸಂಗಡಿಗರು ನಾಯಿಗಳ ಮೇಲಿನ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಸಣ್ಣ ಕರುಳಿನ ಮೇಲಿನ ಅರ್ಧ ಇಲ್ಲವಾದರೂ ತೂಕ ಇಳಿಯಲಿಲ್ಲ. ಕೆಳಗಿನ ಅರ್ಧ ಇಲ್ಲವಾದಾಗ ಮಾತ್ರ ಕೊಬ್ಬು ರಕ್ತಕ್ಕೆ ಸೇರುವುದು ಕುಂಠಿತವಾಗಿ ತೂಕ ಇಳಿಯಿತು. ಇದನ್ನೇ ಆಧರಿಸಿ ಮನುಷ್ಯರಲ್ಲೂ ಕರುಳಿನ ಬಹುಭಾಗವನ್ನು ಬಳಸಿ ಹೋಗುವಂಥ ಅಡ್ಡದಾರಿ ಮಾಡಿದರು. ತೂಕವೇನೋ ಇಳಿಯಿತು. ಆದರೆ ಎಡೆಬಿಡದ ಭೇದಿ, ಮೂತ್ರಪಿಂಡದ ಕಲ್ಲು, ಕೆಲವರಲ್ಲಿ ಪ್ರಾಣಾಂತಿಕವಾದ ಯಕೃತ್ತಿನ ರೋಗ ಕಾಣಿಸಿಕೊಂಡು, ಕೊನೆಗೆ ಆ ವಿಧಾನವನ್ನು ಕೈಬಿಡಬೇಕಾಯಿತು.

ಅದೇ ಮಿನೆಸೋಟಾದಲ್ಲಿ ಹೆನ್ರಿ ಬುಕ್‌ವಾಲ್ಡ್ ಎಂಬ ವೈದ್ಯರು 1963ರಲ್ಲಿ ಬೇರೊಂದು ಉದ್ದೇಶದಿಂದ ಕರುಳಿನ ತುದಿಯ ಮೂರನೆಯ ಒಂದು ಭಾಗವನ್ನಷ್ಟೇ ಬದಿಗಿಟ್ಟರು. ಪಿತ್ತರಸದ ಆಮ್ಲಗಳು ದೇಹಕ್ಕೆ ಮರಳುವುದು ಆ ಭಾಗದಿಂದಲೇ. ಅವು ಮರಳದಿದ್ದರೆ ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಸೆಳೆದುಕೊಂಡು ಹೊಸದಾಗಿ ತಯಾರಿಸಬೇಕು. 838 ಹೃದ್ರೋಗಿಗಳ ಅಧ್ಯಯನದ ಫಲಿತಾಂಶ 1990ರಲ್ಲಿ ಪ್ರಕಟವಾದಾಗ, ಶಸ್ತ್ರಕ್ರಿಯೆಯಾದವರಲ್ಲಿ ಕೆಟ್ಟ ಕೊಲೆಸ್ಟರಾಲ್ ಶೇಕಡಾ 38ರಷ್ಟು ಕಡಿಮೆಯಿತ್ತು. ಕರುಳೆಂಬುದು ಬರಿಯ ಕೊಳವೆಯಲ್ಲ, ಕೊಬ್ಬಿನ ಲೆಕ್ಕಪತ್ರ ನೋಡುವ ಕಚೇರಿಯೂ ಹೌದು ಎಂಬುದು ಇದರಿಂದ ಸ್ಪಷ್ಟವಾಯಿತು.

ಈ ಮಧ್ಯೆ 1966ರಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಜಠರವನ್ನು ಕಿರಿದಾಗಿಸಿ ಕರುಳಿಗೆ ಜೋಡಿಸುವ 'ಗ್ಯಾಸ್ಟ್ರಿಕ್ ಬೈಪಾಸ್' ಆರಂಭಿಸಿದರು. ಜಠರದ ಬಹುಪಾಲನ್ನು ತೆಗೆದು ತೋಳಿನಂತೆ ಉಳಿಸುವ 'ಸ್ಲೀವ್' ವಿಧಾನ ಆಮೇಲೆ ಬಂದಿತು. 1999ರಲ್ಲಿ ಜಪಾನಿನ ವಿಜ್ಞಾನಿಗಳು ಹಸಿವು ಕೆರಳಿಸುವ 'ಘ್ರೆಲಿನ್' ರಸವನ್ನು ಜಠರದಲ್ಲಿ ಕಂಡುಹಿಡಿದ ಮೇಲೆ, ಈ ಶಸ್ತ್ರಕ್ರಿಯೆಗಳು ಹೊಟ್ಟೆಯ ಅಳತೆಯನ್ನಷ್ಟೇ ಅಲ್ಲ, ಹಸಿವಿನ ಸಂದೇಶಗಳನ್ನೂ ಬದಲಿಸುತ್ತವೆಂಬುದು ತಿಳಿಯಿತು. ಯಕೃತ್ತಿನಲ್ಲಿ ಶೇಖರವಾದ ಕೊಬ್ಬು ಕರಗುತ್ತದೆ, ರಕ್ತದ ಟ್ರೈಗ್ಲಿಸರೈಡ್ ಇಳಿಯುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಏರುತ್ತದೆ. ಅನೇಕರಲ್ಲಿ ಸಕ್ಕರೆ ಕಾಯಿಲೆಯೂ ಹತೋಟಿಗೆ ಬರುತ್ತದೆ. ಗುಜರಾತಿನಿಂದ ರಾಜ್ಯಸಭೆಗೆ ಹೋಗಿದ್ದ ಅರುಣ್ ಜೇಟ್ಲಿಯವರು 2014ರಲ್ಲಿ ದೆಹಲಿಯಲ್ಲಿ ಇಂಥ ಶಸ್ತ್ರಕ್ರಿಯೆಗೆ ಒಳಗಾದಾಗ ಈ ವಿಷಯ ಮನೆಮಾತಾಯಿತು.

ಇಂದು ಅಹಮದಾಬಾದ್, ವಡೋದರಾ, ಸೂರತ್ ಮೂರೂ ನಗರಗಳಲ್ಲಿ ದುರ್ಬೀನು ವಿಧಾನದಿಂದ ಈ ಶಸ್ತ್ರಕ್ರಿಯೆ ನಡೆಯುತ್ತದೆ. ನಮ್ಮವರ ಮೈಯಲ್ಲಿ ಕೊಬ್ಬು ಹೊಟ್ಟೆಯ ಸುತ್ತಲೇ ಸೇರುವುದರಿಂದ, ಪಾಶ್ಚಾತ್ಯರಿಗಿಂತ ಕಡಿಮೆ ತೂಕದಲ್ಲೇ ರೋಗಗಳು ಮೈದೋರುತ್ತವೆ. ಆದ್ದರಿಂದ ಚಿಕಿತ್ಸೆಯ ತೂಕದ ಮಿತಿಯೂ ಏಷ್ಯಾದವರಿಗೆ ಕಡಿಮೆ.

ಆದರೆ ಕತ್ತರಿಯಿಂದ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದುಂಟು. ಕಬ್ಬಿಣ, ಸುಣ್ಣ, ಬಿ-12 ಜೀವಸತ್ವಗಳ ಕೊರತೆಯಾಗದಂತೆ ಆಜೀವ ಎಚ್ಚರ ಬೇಕು. ಬಿ-12 ಸಸ್ಯಾಹಾರದಲ್ಲಿ ಮೊದಲೇ ವಿರಳವಾದ್ದರಿಂದ ನಮ್ಮಲ್ಲಿನ ಸಸ್ಯಾಹಾರಿಗಳಿಗೆ ಈ ಮಾತು ಇಮ್ಮಡಿ ಅನ್ವಯಿಸುತ್ತದೆ. ಪಥ್ಯ, ನಡಿಗೆ ತಪ್ಪಿದರೆ ಇಳಿದ ತೂಕ ಮತ್ತೆ ಏರುವುದೂ ಉಂಟು.

ಮೇದಸ್ಸಿನ ಏರಿಳಿತ ಕರುಳು, ಯಕೃತ್ತು, ಮಿದುಳುಗಳ ಒಳಗಿನ ಒಪ್ಪಂದವೆಂಬುದನ್ನು ಏಳು ದಶಕಗಳ ಈ ಇತಿಹಾಸ ಕಲಿಸಿದೆ. ದಪ್ಪಗಿರುವವರನ್ನು ತಿಂಡಿಪೋತರೆಂದು ಜರೆಯುವ ನಾಲಿಗೆಗಳು ಇದನ್ನು ತಿಳಿದು ಮೌನವಾದರೆ, ರೋಗಿ ನಾಚಿಕೆಯಿಲ್ಲದೆ ವೈದ್ಯರ ಬಾಗಿಲು ತಟ್ಟಿಯಾನು.