ಪಟ್ಟಿ ಮತ್ತು ಓದು: ವಿದ್ವತ್ತನ್ನು ತೂಗುವ ಬಗೆಯ ಇತಿಹಾಸ

ಮಾಗಡಿ, ಚನ್ನಪಟ್ಟಣ, ಕನಕಪುರ ಸೀಮೆಗಳ ಚರಿತ್ರೆಯನ್ನು ಬರೆಯಹೊರಟವರು ತೆರೆಯಲೇಬೇಕಾದ ಗ್ರಂಥವೆಂದರೆ ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟ. ಲಂಡನ್ ಮಿಷನ್ನಿನ ಬೋಧಕರೊಬ್ಬರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರೈಸರು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದು 1905ರಲ್ಲಿ ಅದನ್ನು ಹೊರತಂದರು. ಇಂದು ಅದು ಅಂತರಜಾಲದಲ್ಲಿ ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ. ಅದಕ್ಕೆ ಯಾವ ಶ್ರೇಯಾಂಕವೂ ಇಲ್ಲ. ನಂತರದ ವಿದ್ವಾಂಸರು ಅದನ್ನು ಓದಿದರು, ಶಾಸನಪಾಠಗಳನ್ನು ಪರಿಶೀಲಿಸಿದರು, ತಪ್ಪು ಕಂಡಲ್ಲಿ ತಿದ್ದಿದರು. ಅದರ ಬೆಲೆ ನಿಶ್ಚಯವಾದದ್ದು ಹೀಗೆ.

ಇದನ್ನು ನೆನೆಯಲು ಕಾರಣವಿದೆ. ಇಂದು ರಾಮನಗರದ ಕಾಲೇಜು ಅಧ್ಯಾಪಕರೊಬ್ಬರು ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕ್ರೈಸ್ತರ ಚರಿತ್ರೆಯನ್ನು ಕುರಿತು ಕನ್ನಡದಲ್ಲಿ ಲೇಖನ ಬರೆದರೆಂದು ಭಾವಿಸೋಣ. ಬಡ್ತಿಯ ಸಂದರ್ಭದಲ್ಲಿ ಅದು ಅಚ್ಚಾದ ಪತ್ರಿಕೆ ಯಾವ ಪಟ್ಟಿಯಲ್ಲಿದೆ ಎಂಬ ಪ್ರಶ್ನೆ, ಅದರಲ್ಲಿ ಏನಿದೆ ಎಂಬ ಪ್ರಶ್ನೆಗಿಂತ ಮೊದಲು ಬರುತ್ತದೆ.

ಈ ರೂಢಿಯ ಮೂಲ ದೂರದ್ದು. 1955ರಲ್ಲಿ ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಅವರು, ಲೇಖನಗಳು ಒಂದನ್ನೊಂದು ಉಲ್ಲೇಖಿಸುವುದನ್ನು ಆಧರಿಸಿ ವಿಜ್ಞಾನಕ್ಕೊಂದು ಸೂಚಿಯನ್ನು ರಚಿಸಬಹುದೆಂದು ಪ್ರತಿಪಾದಿಸಿದರು. ಆ ವಿಚಾರದಿಂದ ಬೆಳೆದ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬ ಸಂಖ್ಯೆ, ಪತ್ರಿಕೆಯೊಂದರ ಹಿಂದಿನ ಎರಡು ವರ್ಷಗಳ ಲೇಖನಗಳು ಒಂದು ವರ್ಷದಲ್ಲಿ ಸರಾಸರಿ ಎಷ್ಟು ಸಲ ಉಲ್ಲೇಖಗೊಂಡವೆಂಬುದನ್ನು ಸೂಚಿಸುತ್ತದೆ. ಪತ್ರಿಕೆಗಳನ್ನು ಆರಿಸಲು ನೆರವಾಗುತ್ತಿದ್ದ ಈ ಸಂಖ್ಯೆ ಕ್ರಮೇಣ ಮನುಷ್ಯರನ್ನು ತೂಗುವ ತಕ್ಕಡಿಯಾಯಿತು. ಬೆರಳೆಣಿಕೆಯ ಲೇಖನಗಳೇ ಸರಾಸರಿಯನ್ನು ಏರಿಸಬಲ್ಲವು. ಉಳಿದವುಗಳ ಗುಣವನ್ನು ಅದು ಹೇಳಲಾರದು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ ಸಂಪಾದಕರು ಮತ್ತು ಪ್ರಕಾಶಕರು ರೂಪಿಸಿದ ಘೋಷಣೆಯ ತಿರುಳೂ ಇದೇ.

ನಮ್ಮ ದೇಶದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು 2010ರಲ್ಲಿ ಅಧ್ಯಾಪಕರ ಪ್ರಕಟಣೆಗಳಿಗೆ ಅಂಕಗಳನ್ನು ಗೊತ್ತುಪಡಿಸಿತು. ಅಂಕಗಳ ಬೇಡಿಕೆ ಹೆಚ್ಚಿದಂತೆ ಹಣ ಪಡೆದು ಏನನ್ನಾದರೂ ಅಚ್ಚುಮಾಡುವ ಪತ್ರಿಕೆಗಳೂ ಹೆಚ್ಚಿದವು. 2017ರಲ್ಲಿ ಆಯೋಗ ಮಾನ್ಯ ಪತ್ರಿಕೆಗಳ ಪಟ್ಟಿ ತಂದಿತು. ಮರುವರ್ಷವೇ ಅದರಿಂದ 4,305 ಪತ್ರಿಕೆಗಳನ್ನು ತೆಗೆಯಬೇಕಾಯಿತು. 2019ರಲ್ಲಿ ‘ಕೇರ್’ ಪಟ್ಟಿ ಬಂದಿತು. 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟು, ಪತ್ರಿಕೆಗಳ ಗುಣವನ್ನು ಪರೀಕ್ಷಿಸುವ ಹೊಣೆಯನ್ನು ವಿದ್ಯಾಸಂಸ್ಥೆಗಳಿಗೇ ಒಪ್ಪಿಸಲಾಯಿತು.

ಇಂತಹ ಪಟ್ಟಿಗಳ ಅನುಭವ ಧರ್ಮಸಭೆಗೆ ಹೊಸದಲ್ಲ. ನಾಲ್ಕನೆಯ ಪೌಲ ಜಗದ್ಗುರುಗಳ ಕಾಲದಲ್ಲಿ, 1559ರಲ್ಲಿ, ನಿಷಿದ್ಧ ಗ್ರಂಥಗಳ ಪಟ್ಟಿ ಪ್ರಕಟವಾಯಿತು. 1966ರಲ್ಲಿ ಅದರ ಕಾನೂನುಬಲ ಕೊನೆಗೊಂಡು, ವಿವೇಚನೆಯ ಹೊಣೆ ವಿಶ್ವಾಸಿಗಳ ಅಂತಃಸಾಕ್ಷಿಗೆ ಸೇರಿತು. ಆ ಪಟ್ಟಿ ನಿಷೇಧಿಸಿತು, ಈ ಪಟ್ಟಿ ಪುರಸ್ಕರಿಸಿತು. ಆದರೂ ಎರಡರಲ್ಲೂ ಒಂದು ಅಪಾಯ ಸಮಾನ. ಪಟ್ಟಿ ಕೈಯಲ್ಲಿದ್ದಾಗ ಗ್ರಂಥವನ್ನು ತೆರೆದು ನೋಡುವ ಶ್ರಮ ಅನಾವಶ್ಯಕವೆಂದು ತೋರುತ್ತದೆ. ಹಾಗೆಂದು ಪಟ್ಟಿಗಳನ್ನು ಮಾಡಿದವರ ಕಾಳಜಿ ಸುಳ್ಳೆಂದು ನಾವು ಹೇಳುವುದಿಲ್ಲ. ಮೋಸದ ಪತ್ರಿಕೆಗಳು ಇರುವುದು ನಿಜ. ಪಟ್ಟಿಯಿಲ್ಲದ ಕಡೆ ಪರಿಚಯ ಮತ್ತು ಪ್ರಭಾವಗಳು ತಲೆಯೆತ್ತುವುದೂ ನಿಜ.

ಮುಕ್ತ ಪ್ರಕಟಣೆಯ ವಿಷಯದಲ್ಲಿಯೂ ವಿವೇಚನೆ ಬೇಕು. 2002ರ ಬುಡಾಪೆಸ್ಟ್ ಘೋಷಣೆ ಸಂಶೋಧನೆಯನ್ನು ಓದುಗರಿಗೆ ಉಚಿತವಾಗಿ ತೆರೆದಿಡಬೇಕೆಂದಿತು. ಆದರೆ ಓದುಗರಿಂದ ಹಣ ಪಡೆಯದ ಹಲವು ಪತ್ರಿಕೆಗಳು ಲೇಖಕರಿಂದ ಪಡೆಯುತ್ತವೆ. ಅಲ್ಲಿ ಬಾಗಿಲು ಓದುಗನಿಗೆ ತೆರೆದು ಬಡ ಲೇಖಕನಿಗೆ ಮುಚ್ಚುತ್ತದೆ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ, 6,000 ಕೋಟಿ ರೂಪಾಯಿಗಳ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಸರ್ಕಾರಿ ಸಂಸ್ಥೆಗಳ ಓದುಗರಿಗಾಗಿ ರೂಪುಗೊಂಡದ್ದು. ಹಳ್ಳಿಯ ಧರ್ಮಕೇಂದ್ರದಲ್ಲಿ ಕುಳಿತು ಬರೆಯುವ ಗುರುವಿಗೆ ಅದರಿಂದ ದಾರಿ ತೆರೆಯದು.

ಎಲ್ಲವನ್ನೂ ಪರೀಕ್ಷಿಸಿ ಒಳಿತನ್ನು ಉಳಿಸಿಕೊಳ್ಳಿರೆಂದು ಸಂತ ಪೌಲರು ಥೆಸಲೋನಿಕದವರಿಗೆ ತಿಳಿಸಿದರು. ಪರೀಕ್ಷಿಸುವ ಕೆಲಸವನ್ನು ಬೇರೆಯವರ ಪಟ್ಟಿಗೆ ಒಪ್ಪಿಸಲಾಗದು. ಗುರುಮಠಗಳಲ್ಲಿ ಅಧ್ಯಾಪಕರನ್ನು ಆರಿಸುವಾಗ ಅವರ ಎರಡು ಬರಹಗಳನ್ನಾದರೂ ಸಮಿತಿಯ ಪ್ರತಿಯೊಬ್ಬರೂ ಪೂರ್ತಿ ಓದಲಿ, ತಮ್ಮ ಅಭಿಪ್ರಾಯಕ್ಕೆ ಕಾರಣಗಳನ್ನು ಬರೆದಿಡಲಿ. ನಮ್ಮ ಪತ್ರಿಕೆಗಳ ಹಳೆಯ ಸಂಚಿಕೆಗಳು ಎಲ್ಲರಿಗೂ ಉಚಿತವಾಗಿ ದೊರೆಯಲಿ. ಇಷ್ಟನ್ನು ನಾವೇ ಮಾಡದಿದ್ದರೆ, ಹಾರೋಬೆಲೆಯ ಚರಿತ್ರೆಯನ್ನು ಆ ಊರಿನವರು ಓದಬಲ್ಲ ಭಾಷೆಯಲ್ಲಿ ಬರೆಯಲು ನಾಳೆ ಯಾರೂ ಮುಂದಾಗಲಾರರು.