ಒಂದೇ ಗೂಡು, ಹಲವು ದರ್ಜೆ: ಸಂಸ್ಕಾರಕಗಳನ್ನು ವಿಂಗಡಿಸಿದ ಕಥೆ

ಮಾಲೂರಿನ ಕಡೆ ಹೋದವರಿಗೆ ಇಟ್ಟಿಗೆ ಗೂಡುಗಳು ಹೊಸತಲ್ಲ. ಒಂದೇ ಮಣ್ಣು, ಒಂದೇ ಅಚ್ಚು, ಒಂದೇ ಬೆಂಕಿ. ಆದರೂ ಗೂಡು ಬಿಚ್ಚಿದಾಗ ಕೆಲವು ಇಟ್ಟಿಗೆ ಹದವಾಗಿ ಬೆಂದಿರುತ್ತವೆ, ಅಂಚಿನಲ್ಲಿದ್ದ ಕೆಲವು ಅರೆಬೆಂದಿರುತ್ತವೆ. ತಟ್ಟಿದಾಗ ಖಣಿಲೆಂದದ್ದು ಮೊದಲ ದರ್ಜೆ. ಶ್ರೀನಿವಾಸಪುರದ ಮಾವಿಗೂ, ಮುಳಬಾಗಿಲಿನ ರೈತರು ಕೋಲಾರದ ಮಾರುಕಟ್ಟೆಗೆ ತರುವ ಟೊಮ್ಯಾಟೊಗೂ ಇದೇ ನಿಯಮ: ಮೊದಲು ವಿಂಗಡಣೆ, ಅನಂತರ ಬೆಲೆ. ನಿಮ್ಮ ಕಂಪ್ಯೂಟರಿನ ಸಂಸ್ಕಾರಕವೂ ಹೀಗೆಯೇ, ತಯಾರಾದ ಮೇಲೆ ದರ್ಜೆ ಪಡೆದದ್ದು ಎಂದರೆ ನಂಬುವಿರಾ?

ಒಂದು ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್‌ಗಳು ಒಟ್ಟಿಗೆ ರೂಪುಗೊಳ್ಳುತ್ತವೆ. ಟ್ರಾನ್ಸಿಸ್ಟರಿನ ಅಳತೆಯಲ್ಲಾಗಲಿ, ಬೆರೆಸಿದ ಕಲ್ಮಶದ ಪ್ರಮಾಣದಲ್ಲಾಗಲಿ ತುಸು ವ್ಯತ್ಯಾಸವಾದರೂ ವೇಗ ಬದಲಾಗುತ್ತದೆ. ಚಿಪ್‌ನೊಳಗಿನ ಅತಿ ನಿಧಾನದ ಹಾದಿಯೇ ಇಡೀ ಚಿಪ್‌ನ ವೇಗವನ್ನು ನಿರ್ಧರಿಸುತ್ತದೆ. ಆದ್ದರಿಂದ ಚಿಪ್‌ಗಳನ್ನು ಬಿಲ್ಲೆಯಲ್ಲಿರುವಾಗ ಒಮ್ಮೆ, ಕವಚ ತೊಡಿಸಿದ ಮೇಲೆ ಮತ್ತೊಮ್ಮೆ, ನಿಗದಿತ ವೋಲ್ಟತೆ ಹಾಗೂ ತಾಪದಲ್ಲಿ ಪರೀಕ್ಷಿಸುತ್ತಾರೆ.

ಈ ಪದ್ಧತಿ ಸಂಸ್ಕಾರಕಕ್ಕಿಂತ ಹಳೆಯದು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1962ರಲ್ಲಿ ಜರ್ಮೇನಿಯಮ್ ಅರೆವಾಹಕ ಸಾಧನಗಳ ತಯಾರಿಕೆ ಆರಂಭಿಸಿತು. ಟ್ರಾನ್ಸಿಸ್ಟರುಗಳನ್ನು ಅವುಗಳ ವರ್ಧನ ಅಳೆದು ಗುಂಪು ಮಾಡುವುದು ಈ ಉದ್ಯಮದ ವಾಡಿಕೆ. ರೇಡಿಯೋ ಜೋಡಿಸುವ ಹವ್ಯಾಸವಿದ್ದರೆ ‘ಬಿಸಿ 547’ ಟ್ರಾನ್ಸಿಸ್ಟರನ್ನು ನೀವು ಬಲ್ಲಿರಿ. ಅದರ ಕೊನೆಯ ‘ಎ’ ಅಕ್ಷರ 110ರಿಂದ 220ರ ವರ್ಧನವನ್ನೂ, ‘ಸಿ’ 420ರಿಂದ 800ರದನ್ನೂ ಸೂಚಿಸುತ್ತದೆ.

ಇಂಟೆಲ್ 1978ರಲ್ಲಿ ತಂದ 8086 ಸಂಸ್ಕಾರಕ 5, 8 ಮತ್ತು 10 ಮೆಗಾಹರ್ಟ್ಸ್ ದರ್ಜೆಗಳಲ್ಲಿ ದೊರೆಯಿತು. 1991ರ 486 ಎಸ್‌ಎಕ್ಸ್‌ನಲ್ಲಿ ವೇಗವಲ್ಲ, ಅಂಗವೇ ದರ್ಜೆಗೆ ಆಧಾರವಾಯಿತು: ದಶಮಾಂಶ ಲೆಕ್ಕದ ಘಟಕವನ್ನು ನಿಷ್ಕ್ರಿಯಗೊಳಿಸಿ ಅಗ್ಗದ ಬೆಲೆಗೆ ಮಾರಿದರು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ತಯಾರಿಕೆ ಸುಧಾರಿಸಿ ಬಹುಪಾಲು ಚಿಪ್‌ಗಳು ಉತ್ತಮವಾಗಿಯೇ ಬಂದರೆ? ಬೇಡಿಕೆ ಅಗ್ಗದ ದರ್ಜೆಗೆ ಹೆಚ್ಚಿದ್ದರೆ, ಒಳ್ಳೆಯ ಚಿಪ್‌ಗೂ ಕೆಳದರ್ಜೆಯ ಮುದ್ರೆ ಬೀಳುತ್ತದೆ. 1998ರ ಸೆಲೆರಾನ್ 300ಎ ಚಿಪ್‌ಗಳಲ್ಲಿ ಎಷ್ಟೋ 450 ಮೆಗಾಹರ್ಟ್ಸ್‌ನಲ್ಲೂ ಓಡಿದವು. ಈ ಅಂತರವೇ ವಂಚಕರಿಗೂ ದಾರಿಯಾಯಿತು. 1990ರ ದಶಕದಲ್ಲಿ ಹಳೆಯ ಮುದ್ರೆ ಅಳಿಸಿ, ಹೆಚ್ಚಿನ ವೇಗ ನಮೂದಿಸಿ ಮಾರಿದವರಿದ್ದರು. ಕೊಂಡವರಿಗೆ ಉಳಿದದ್ದು ಬಿಸಿಯೇರಿ ನಿಂತುಹೋಗುವ ಯಂತ್ರ! ಕೊನೆಗೆ ತಯಾರಕರು ವೇಗದ ಗುಣಕಕ್ಕೆ ಚಿಪ್‌ನೊಳಗೇ ಬೀಗ ಹಾಕಿದರು.

ನಮ್ಮ ನಾಡಿನ ನಂಟೂ ಈ ಕಥೆಗಿದೆ. ಇಂಟೆಲ್‌ನ ಬೆಂಗಳೂರು ತಂಡ ವಿನ್ಯಾಸಗೊಳಿಸಿದ, ಆರು ಕೋರ್‌ಗಳ ಝಿಯಾನ್ 7400 ಸಂಸ್ಕಾರಕ 2008ರ ಸೆಪ್ಟೆಂಬರಿನಲ್ಲಿ ಹೊರಬಂತು. ಅದರಲ್ಲಿದ್ದವು ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳು. ಒಂದೇ ವಿನ್ಯಾಸ 130 ವಾಟ್ ಬಳಸುವ 2.66 ಗಿಗಾಹರ್ಟ್ಸ್ ದರ್ಜೆಯಾಗಿಯೂ, 65 ವಾಟ್‌ಗಳಲ್ಲೇ ತೃಪ್ತಿಪಡುವ 2.13 ಗಿಗಾಹರ್ಟ್ಸ್ ದರ್ಜೆಯಾಗಿಯೂ, ನಾಲ್ಕೇ ಕೋರ್‌ಗಳ ಅಗ್ಗದ ದರ್ಜೆಯಾಗಿಯೂ ಮಾರಾಟವಾಯಿತು.

ಹೀಗಾಗಿ ಕೆಳದರ್ಜೆಯೆಂದರೆ ಕಳಪೆ ಎಂದು ತಿಳಿಯಬೇಡಿ. ಕೋರ್ ಒಂದು ಕೆಟ್ಟಿತೆಂದು ಇಡೀ ಚಿಪ್ ಎಸೆಯುತ್ತಿದ್ದರೆ ಆ ನಷ್ಟವನ್ನೂ ಕೊಳ್ಳುವ ನಾವೇ ತೆರಬೇಕಿತ್ತು. ಮುದ್ರೆಯ ಮೇಲಿನ ಅಂಕಿ ಚಿಪ್‌ನ ಗರಿಷ್ಠ ಸಾಮರ್ಥ್ಯವಲ್ಲ. ಇಷ್ಟು ವೇಗದಲ್ಲಿ ಇದು ತಪ್ಪದೆ ಲೆಕ್ಕ ಮಾಡುತ್ತದೆಂದು ತಯಾರಕರು ಕೊಟ್ಟ ಮಾತು.